ಕಾಮಗೆರೆಯಲ್ಲಿ ಉಕ್ಕು ಹುಡುಕುವ ಮುನ್ನ

ಕೊಳ್ಳೇಗಾಲದ ಕಡೆಯ ಹಳೆಯ ಲೋಹವಿದ್ಯೆಯ ಮಾತು ಬಂದಾಗಲೆಲ್ಲ ಒಂದು ತರ್ಕ ತಾನಾಗಿ ಹೊರಗೆ ಬರುತ್ತದೆ. ನೀವೂ ಕೇಳಿರುತ್ತೀರಿ. ಜಗತ್ಪ್ರಸಿದ್ಧ ‘ವೂಟ್ಜ್’ ಅಂದರೆ ನಮ್ಮ ಕನ್ನಡದ ಉಕ್ಕು. ಫ್ರಾನ್ಸಿಸ್ ಬುಕನನ್ 1800ರಲ್ಲಿ ಮೈಸೂರು ಸೀಮೆಯಲ್ಲಿ ಉಕ್ಕು ಮಾಡುವ ಕ್ರಮವನ್ನು ಬರೆದುಕೊಂಡ. ಅದೇ ಬುಕನನ್ ಸತ್ತೇಗಾಲ, ಕೊಳ್ಳೇಗಾಲ, ಹನೂರಿನ ಮೇಲೆ ಹಾದು ಕಾವೇರಿಪುರದ ಕಡೆ ಇಳಿದ. ಹಾಗಾದಮೇಲೆ ಈ ದಾರಿಯ ಊರುಗಳಲ್ಲೂ ಉಕ್ಕಿನ ಕುಲುಮೆ ಇರಲೇಬೇಕಲ್ಲ? ಅದರಲ್ಲೂ ಕಾಮಗೆರೆ ಅನ್ನುವ ಹೆಸರನ್ನು ‘ಕಮ್ಮಾರಗೆರೆ’ ಎಂದು ಬಿಡಿಸಿಬಿಟ್ಟರೆ ಕತೆ ಪೂರ್ತಿಯಾಯಿತು.

ಈ ತರ್ಕದ ಬಿಡಿ ಸಂಗತಿಗಳಲ್ಲಿ ಹೆಚ್ಚಿನವು ನಿಜ. ಜೋಡಣೆ ಮಾತ್ರ ಸಡಿಲ. ಈ ಬರಹದಲ್ಲಿ ಆ ಜೋಡಣೆಯನ್ನು ಬಿಚ್ಚಿ ನೋಡಬೇಕು ಅಂತ ನನ್ನ ಆಸೆ. ಕಾಮಗೆರೆಗೆ ಲೋಹದ ಚರಿತ್ರೆ ಇಲ್ಲ ಎಂದು ಸಾಧಿಸುವುದು ಉದ್ದೇಶವಲ್ಲ. ನಮ್ಮಲ್ಲಿ ಗಣಿ ಮತ್ತು ಲೋಹಗಳ ಚರಿತ್ರೆ ಬರೆದಿರುವ ಕ್ರಮದಲ್ಲೇ ಒಂದು ತೊಡಕಿದೆ. ಅದು ಕಾಮಗೆರೆಯಂಥ ಊರಿನಲ್ಲಿ ನಿಂತು ನೋಡಿದಾಗ ಚೆನ್ನಾಗಿ ಕಾಣುತ್ತದೆ.

ಹೆಸರು ಸಾಕ್ಷಿಯಲ್ಲ

ಮೊದಲು ಊರ ಹೆಸರು. ಸ್ಥಳನಾಮವನ್ನು ಬಿಡಿಸಬೇಕಾದರೆ ಅದರ ಹಳೆಯ ರೂಪ ಶಾಸನದಲ್ಲೋ ಕಡತದಲ್ಲೋ ಸಿಗಬೇಕು. ಇವತ್ತಿನ ಉಚ್ಚಾರವನ್ನು ಹಿಡಿದು ಹಿಂದಕ್ಕೆ ಹೋದರೆ ಕಾಮ, ಕಾಮಯ್ಯ, ಕಮ್ಮಾರ, ಯಾರು ಬೇಕಾದರೂ ಕೆರೆ ಕಟ್ಟಿಸಬಹುದು.

ಇದು ಸಣ್ಣ ಊರುಗಳಿಗಷ್ಟೇ ಅಂಟಿದ ಸಮಸ್ಯೆಯಲ್ಲ. ಅಶೋಕನ ಬ್ರಹ್ಮಗಿರಿ ಶಾಸನದಲ್ಲಿ ‘ಸುವರ್ಣಗಿರಿ’ ಬರುತ್ತದೆ. ಅಲ್ಲಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಆಜ್ಞೆ ಕಳಿಸುತ್ತಾರೆ. ಹೆಸರಲ್ಲೇ ಚಿನ್ನ ಇದೆ. ಆದರೂ ಅದು ಕೊಪ್ಪಳ ಜಿಲ್ಲೆಯ ಕನಕಗಿರಿಯೋ, ಮಸ್ಕಿಯೋ, ಕರ್ನೂಲು ಸೀಮೆಯ ಜೊನ್ನಗಿರಿಯೋ ಎಂದು ವಿದ್ವಾಂಸರು ವಾದ ಮಾಡುತ್ತಲೇ ಬಂದಿದ್ದಾರೆ. ಕಲ್ಲಿನ ಮೇಲೆ ಸ್ಪಷ್ಟವಾಗಿ ಕೊರೆದ ಹೆಸರಿಗೇ ಈ ಗತಿಯಾದರೆ, ಬಾಯಿಮಾತಿನ ವ್ಯುತ್ಪತ್ತಿಯಿಂದ ಕುಲುಮೆ ಹುಟ್ಟಿಸುವುದು ಎಷ್ಟು ಸರಿ?

ಹೆಸರಿಗಿಂತ ಗಟ್ಟಿಯಾದ ಸಾಕ್ಷಿ ಪದಗಳಲ್ಲಿದೆ. ಕಬ್ಬಿಣದ ಹಳೆಯ ರೂಪ ಕರ್ಬೊನ್, ಕರ್ಬುನ. ಕರ್ ಅಂದರೆ ಕಪ್ಪು, ಪೊನ್ ಅಂದರೆ ಲೋಹ. ಕಪ್ಪು ಲೋಹ, ಅಷ್ಟೇ. ಉಕ್ಕು ಹಾಗಲ್ಲ. ಅದರ ಹಿಂದಿನ ರೂಪ ಉರ್ಕು. ತಮಿಳಿನ ಉರುಕ್ಕು ಜೊತೆ, ಕರಗು ಎನ್ನುವ ಅರ್ಥದ ಉರುಕು ಧಾತುವಿನ ಜೊತೆ ಅದಕ್ಕೆ ನಂಟು. ಇಲ್ಲಿ ತಾಂತ್ರಿಕವಾಗಿ ಒಂದು ಮುಖ್ಯ ವಿಷಯ ಅಡಗಿದೆ. ಕಬ್ಬಿಣ ಕರಗುವುದು 1538 ಡಿಗ್ರಿ ಸೆಲ್ಸಿಯಸ್‌ನಲ್ಲಿ. ತಿದಿ ಒತ್ತುವ ಹಳ್ಳಿಯ ಕುಲುಮೆ ಅಷ್ಟು ಕಾವು ಮುಟ್ಟುತ್ತಿರಲಿಲ್ಲ. ಅಲ್ಲಿ ಕರಗಿ ಹರಿಯುತ್ತಿದ್ದದ್ದು ಕಿಟ್ಟ ಮಾತ್ರ. ಕಬ್ಬಿಣ ಮೆತ್ತಗೆ, ರಂಧ್ರ ರಂಧ್ರವಾದ ಗಟ್ಟಿಯಾಗಿ ಕೂರುತ್ತಿತ್ತು. ಅದನ್ನು ಕಾಯಿಸಿ ಬಡಿದು ಕಿಟ್ಟ ಹಿಂಡಬೇಕಿತ್ತು. ಮುಚ್ಚಿದ ಮೂಸೆಯಲ್ಲಿ ಕಬ್ಬಿಣಕ್ಕೆ ಇಂಗಾಲ ಸೇರಿಸಿದರೆ ಅದು ಕಡಿಮೆ ಕಾವಿಗೇ ಕರಗುತ್ತದೆ. ಹೀಗೆ ಕರಗಿಸಿದ ಲೋಹಕ್ಕೆ ಕರಗುವ ಧಾತುವಿನಿಂದಲೇ ಹೆಸರು ಬಂತು. ಮೂಸೆಯ ಉಕ್ಕಿನ ಅರಿವು ದಕ್ಷಿಣದ ಭಾಷೆಗಳಿಗೆ ಹಳೆಯದು ಎನ್ನುವುದಕ್ಕೆ ಇದು ಒಳ್ಳೆಯ ಸೂಚನೆ. ಆದರೆ ಪದ ಇಡೀ ನುಡಿಸಮುದಾಯದ್ದು. ಅದು ಯಾವ ಊರಿನ ಕುಲುಮೆಯನ್ನೂ ತೋರಿಸಿಕೊಡುವುದಿಲ್ಲ.

‘ಬೊಂಬಾಯಿಯ ಉಕ್ಕು’

ಈ ಉಕ್ಕು ಯೂರೋಪಿನ ಪ್ರಯೋಗಶಾಲೆಗೆ ಹೋದ ಕತೆಯಲ್ಲೇ ನಮಗೊಂದು ಪಾಠವಿದೆ. ಹೆಲೆನಸ್ ಸ್ಕಾಟ್ ಎಂಬ ವೈದ್ಯ 1794ರಲ್ಲಿ ಬೊಂಬಾಯಿಯಿಂದ ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಅದರ ಮಾದರಿ ಕಳಿಸಿದ. 1795ರಲ್ಲಿ ಜಾರ್ಜ್ ಪಿಯರ್ಸನ್ ಅದರ ಮೇಲೆ ಪ್ರಬಂಧ ಓದಿದ. ಪ್ರಬಂಧದ ತಲೆಬರಹವೇ ಇದು ಬೊಂಬಾಯಿಯಲ್ಲಿ ತಯಾರಾಗುವ, ಅಲ್ಲಿ ವೂಟ್ಜ್ ಎಂದು ಕರೆಯುವ ಉಕ್ಕು ಎಂದು ಹೇಳುತ್ತದೆ. ಪೆಟ್ಟಿಗೆ ಹಡಗು ಹತ್ತಿದ ಬಂದರೇ ಉಕ್ಕು ಹುಟ್ಟಿದ ಊರಾಗಿಬಿಟ್ಟಿತು! ‘ವೂಟ್ಜ್’ ಎಂಬ ರೂಪವೂ ಯಾರೋ ಗುಮಾಸ್ತ ಅಕ್ಷರ ತಪ್ಪಾಗಿ ಓದಿದ್ದರಿಂದ ಆಗಿರಬೇಕು, ಮೂಲ ಕನ್ನಡದ ಉಕ್ಕು ಇರಬೇಕು ಎನ್ನುವುದು ಹಾಬ್ಸನ್-ಜಾಬ್ಸನ್ ನಿಘಂಟಿನ ಊಹೆ.

ನಾವು ಪಿಯರ್ಸನ್‌ನನ್ನು ನೋಡಿ ನಗುತ್ತೇವೆ. ಆದರೆ ‘ದಾಖಲೆ ಎಲ್ಲಿ ಸಿಕ್ಕಿತೋ ವಸ್ತು ಅಲ್ಲೇ ಹುಟ್ಟಿತು’ ಎಂಬ ಅದೇ ಜಾರುದಾರಿಯಲ್ಲಿ ನಾವೂ ನಡೆಯುತ್ತಿದ್ದೇವೆ. ಅದರ ಮಗ್ಗುಲು ಇನ್ನೂ ಅಪಾಯದ್ದು: ದಾಖಲೆ ಇಲ್ಲದ ಕಡೆ ವಸ್ತುವೂ ಇರಲಿಲ್ಲ ಅನ್ನುವುದು.

ಬುಕನನ್‌ನನ್ನು ಎಷ್ಟು ದೂರ ಎಳೆಯಬಹುದು?

ಟಿಪ್ಪು ಬಿದ್ದ ಮರುವರ್ಷ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯ ಮೇಲೆ ಬುಕನನ್ ಈ ಪ್ರಯಾಣ ಮಾಡಿದ. ಮೂರು ಸಂಪುಟಗಳ ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಆತ ಒಳ್ಳೆಯ ನೋಟಗಾರ. ಕುಲುಮೆಯ ಅಳತೆ, ಇದ್ದಿಲು, ಆಳುಗಳ ಕೂಲಿ, ಸರ್ಕಾರಕ್ಕೆ ಕೊಡುವ ತೆರಿಗೆ, ಇವನ್ನೆಲ್ಲ ಕೇಳಿ ಬರೆದುಕೊಂಡವನು. ಎಲ್ಲರೂ ಉದ್ಧರಿಸುವ ಆ ಉಕ್ಕಿನ ವಿವರಣೆ ಮಧುಗಿರಿ ಸೀಮೆಯದು. ಜೇಡಿಮಣ್ಣಿನ ಶಂಕುವಿನಾಕಾರದ ಮೂಸೆ, ಒಳಗೆ ಕಬ್ಬಿಣದ ತುಂಡು, ಜೊತೆಗೆ ತಂಗಡಿ ಗಿಡದ ಕಡ್ಡಿ ಮತ್ತು ಹಸಿ ಎಲೆ.

ಬೆನೆಟ್ ಬ್ರಾನ್ಸನ್ 1986ರಲ್ಲಿ ಬರೆದ ಪ್ರಬಂಧ ಇಂಥ ಪ್ರವಾಸಿ ಬರಹಗಳನ್ನೆಲ್ಲ ಒಟ್ಟಿಗಿಟ್ಟು ಜರಡಿ ಹಿಡಿಯಿತು. ಮೈಸೂರು ಮತ್ತು ತಮಿಳು ಸೀಮೆಯಲ್ಲಿ ಸೊಪ್ಪು ಕಡ್ಡಿಯಿಂದ ಕಬ್ಬಿಣಕ್ಕೆ ಇಂಗಾಲ ಕೊಡುವ ಕ್ರಮ ಒಂದು. ಹೈದರಾಬಾದ್ ಸೀಮೆಯ ಕೋನಸಮುದ್ರದಲ್ಲಿ ವಾಯ್ಸಿ ಕಂಡ, ಎರಡು ಬಗೆಯ ಕಬ್ಬಿಣವನ್ನು ಒಟ್ಟಿಗೆ ಕರಗಿಸುವ ಕ್ರಮ ಇನ್ನೊಂದು. ಡಮಾಸ್ಕಸ್ ಕತ್ತಿಗಳೆಲ್ಲ ನಮ್ಮ ಉಕ್ಕಿನವೇ ಎಂಬ ಸಲೀಸು ಮಾತಿಗೂ ಅವರು ತಡೆ ಹಾಕಿದರು. ಬ್ರಾನ್ಸನ್ ಓದಿದರೆ ನಮ್ಮವರಿಗೆ ಸ್ವಲ್ಪ ಬೇಜಾರಾಗಬಹುದು, ಆದರೆ ಓದಲೇಬೇಕಾದ ಪ್ರಬಂಧ. ನನ್ನ ತಕರಾರು ಒಂದೇ: ಜರಡಿ ಹಿಡಿದಮೇಲೂ ‘ಮೈಸೂರು ಕ್ರಮ’ ಎಂಬ ಹಣೆಪಟ್ಟಿ ಉಳಿಯುತ್ತದೆ. ಮಧುಗಿರಿಯಂಥ ಕೆಲವು ಕಡೆ ಕಂಡದ್ದು ಇಡೀ ರಾಜ್ಯದ ಕ್ರಮವಾಗಿ ನಿಲ್ಲುತ್ತದೆ. ಆಮೇಲೆ ಬರೆಯುವವರು ಆ ಹಣೆಪಟ್ಟಿಯನ್ನು ಕೊಳ್ಳೇಗಾಲಕ್ಕೂ ಅಂಟಿಸುತ್ತಾರೆ.

ಶಾರದಾ ಶ್ರೀನಿವಾಸನ್ ಮತ್ತು ಶ್ರೀನಿವಾಸ ರಂಗನಾಥನ್ 2004ರಲ್ಲಿ ತಂದ ವೂಟ್ಜ್ ಕುರಿತ ಪುಸ್ತಕ ಈ ವಿಷಯವನ್ನು ಸಾಮಾನ್ಯ ಓದುಗರ ಕೈಗೆ ತಲುಪಿಸಿತು. ತಮಿಳುನಾಡಿನ ಮೇಲ್‌ಸಿರುವಲೂರಿನಂಥ ಕಡೆ ಶಾರದಾ ಅವರು ತಾವೇ ನಡೆದು, ಮೂಸೆಯ ಚೂರುಗಳನ್ನು ಆಯ್ದು, ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದ್ದಾರೆ. ಈ ಕ್ಷೇತ್ರಕಾರ್ಯದ ಮುಂದೆ ನಾವು ಹವ್ಯಾಸಿಗಳು ತಲೆಬಾಗಬೇಕು. ಆದರೆ ಪುಸ್ತಕದ ಹೆಸರಲ್ಲೇ ದಂತಕಥೆ ಅನ್ನುವ ಪದ ಇದೆ. ದಂತಕಥೆಯ ಬೆಳಕು ಕತ್ತಿಯ ಮೇಲೆ ಬೀಳುತ್ತದೆ. ಕುಡಗೋಲು, ಗುಳ, ಗುದ್ದಲಿ, ಎತ್ತಿನ ಗಾಡಿಯ ಪಟ್ಟಿ, ಇವುಗಳ ಮೇಲೆ ಬೀಳುವುದಿಲ್ಲ. ಕೊಳ್ಳೇಗಾಲದ ಹಳ್ಳಿಗಳ ಕಬ್ಬಿಣದ ಚರಿತ್ರೆ ಎಂಬುದು ಇದ್ದರೆ ಅದು ಮೊದಲಿಗೆ ಗುಳದ ಚರಿತ್ರೆ. ಉಕ್ಕು ಸಿಗದಿದ್ದರೆ ಊರಿಗೆ ಅವಮಾನ ಎಂಬ ಭಾವನೆ ಮೊದಲು ಹೋಗಬೇಕು.

ಯಳಂದೂರು ಒಳಗೆ, ಕೊಳ್ಳೇಗಾಲ ಹೊರಗೆ

ಈಗ ನಿಜವಾದ ತೊಡಕಿಗೆ ಬರುತ್ತೇನೆ. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 4ನೇ ಸಂಪುಟ 1898ರದು. ಅದರಲ್ಲಿ ಯಳಂದೂರು ಜಹಗೀರಿನ ಶಾಸನಗಳಿವೆ. ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಕೊಟ್ಟ ಜಹಗೀರು ಅದು, ಮೈಸೂರು ಸಂಸ್ಥಾನದೊಳಗಿತ್ತು. ಅಲ್ಲಿಂದ ಒಂದು ಗಾವುದ ದೂರವೂ ಇಲ್ಲದ ಕೊಳ್ಳೇಗಾಲ ಆ ಸಂಪುಟದಲ್ಲಿಲ್ಲ. 1799ರ ನಂತರ ಅದು ಕಂಪನಿಯ ಪಾಲಾಗಿ, ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಕಾಮಗೆರೆ, ಹನೂರು, ಮಹದೇಶ್ವರ ಬೆಟ್ಟ ಎಲ್ಲವೂ ಆ ಕಡೆಗೇ. ಕೊಳ್ಳೇಗಾಲ ಮೈಸೂರಿಗೆ ಬಂದದ್ದು 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ. ಅದರ ಶಾಸನಗಳು ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಹೊರತಂದ ಪರಿಷ್ಕೃತ 4ನೇ ಸಂಪುಟದಲ್ಲಿ ಸೇರಿದ್ದು 1975ರಲ್ಲಿ. ಅಂದರೆ ನೆರೆಯ ಯಳಂದೂರಿಗಿಂತ 77 ವರ್ಷ ತಡವಾಗಿ.

ಅಲ್ಲಿಯವರೆಗೆ ಈ ಸೀಮೆಯ ಶಾಸನಗಳ ಜಾಗ ಮದರಾಸಿನ ಶಾಸನ ಇಲಾಖೆಯ ವರದಿಗಳಲ್ಲಿ, ಕೊಯಮತ್ತೂರು ಜಿಲ್ಲೆಯ ತಲೆಬರಹದಡಿ. ಭೂವಿಜ್ಞಾನದ ಕತೆಯೂ ಇದೇ. ರಾಬರ್ಟ್ ಬ್ರೂಸ್ ಫೂಟ್ ಅವರನ್ನು ಕರೆಸಿ 1894ರಲ್ಲಿ ಶುರುಮಾಡಿದ ಮೈಸೂರು ಭೂವಿಜ್ಞಾನ ಇಲಾಖೆಯ ಎಲ್ಲೆ ಮೈಸೂರು ಸಂಸ್ಥಾನದ ಎಲ್ಲೆಯೇ. ಹಳೆಯ ಗಣಿ, ಕಬ್ಬಿಣದ ಅದಿರು, ಕುಲುಮೆಗಳ ಬಗ್ಗೆ ಆ ಇಲಾಖೆ ಬರೆದದ್ದೆಲ್ಲ ಗಡಿಯ ಈಚೆಗಿನದು.

ಇನ್ನೊಂದು ಉದಾಹರಣೆ ಶಿವನಸಮುದ್ರದ್ದು. ಕೋಲಾರದ ಚಿನ್ನದ ಗಣಿಗಳ ಚರಿತ್ರೆಯಲ್ಲಿ 1902 ದೊಡ್ಡ ವರ್ಷ. ಕಾವೇರಿ ಜಲಪಾತದ ವಿದ್ಯುತ್ತು ಸುಮಾರು 147 ಕಿಲೋಮೀಟರು ತಂತಿಯಲ್ಲಿ ಹರಿದು ಗಣಿ ಸೇರಿತು. ಹೊಳೆಯ ಒಂದು ದಂಡೆ ಮಳವಳ್ಳಿ, ಇನ್ನೊಂದು ಕೊಳ್ಳೇಗಾಲ. ಗಣಿಗಾರಿಕೆಯ ಚರಿತ್ರೆ ಕೊಳ್ಳೇಗಾಲದ ಬಾಗಿಲವರೆಗೆ ಬಂದು, ನೀರಿನ ಬಲ ತೆಗೆದುಕೊಂಡು, ಕೋಲಾರಕ್ಕೆ ಹೊರಟುಹೋಗುತ್ತದೆ.

ಆದ್ದರಿಂದ ಕರ್ನಾಟಕದ ಪ್ರಾಚೀನ ಲೋಹವಿದ್ಯೆಯ ಭೂಪಟದಲ್ಲಿ ಹನೂರು, ಕಾಮಗೆರೆ ಕಡೆ ಖಾಲಿ ಕಂಡರೆ ಮೊದಲು ಕೇಳಬೇಕಾದದ್ದು, ಭೂಪಟ ಬರೆದವರು ಎಲ್ಲಿಯವರೆಗೆ ನಡೆದಿದ್ದರು ಎಂದು. ಆ ಖಾಲಿ ಜಾಗಕ್ಕೆ ಮೊದಲ ಕಾರಣ ಕಡತ. ಹಾಗಂತ ಅಲ್ಲಿ ಕುಲುಮೆಯ ಚಿತ್ರ ಬಿಡಿಸಿಬಿಡಲೂ ಆಗುವುದಿಲ್ಲ. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳುವುದೇ ಕಷ್ಟದ ಕೆಲಸ.

ಶಾಸನ ಯಾವುದನ್ನು ಹೇಳುತ್ತದೆ, ಯಾವುದನ್ನು ಹೇಳುವುದಿಲ್ಲ

ಶಾಸನ ಬರೆಸುವವರಿಗೆ ಬೇಕಾದದ್ದು ಹಕ್ಕು. ಭೂಮಿ ಯಾರಿಗೆ, ತೆರಿಗೆ ಯಾರಿಗೆ, ವಿನಾಯಿತಿ ಯಾವುದಕ್ಕೆ, ಎಲ್ಲೆ ಎಲ್ಲಿ. ಲೋಹದ ಕೆಲಸಗಾರರು ಅದರೊಳಗೆ ಬರುವುದು ತೆರಿಗೆ ಕೊಡುವವರಾಗಿ, ಇಲ್ಲವೇ ದಾನಿಗಳಾಗಿ, ಇಲ್ಲವೇ ಬರೆದವರಾಗಿ. ತಮಿಳು ಶಾಸನಗಳಲ್ಲಿ ಅಕ್ಕಸಾಲಿಗರ ಮೇಲಿನ ತೆರಿಗೆ ‘ತಟ್ಟಾರ್ ಪಾಟ್ಟಂ’ ಎಂದು ಬರುತ್ತದೆ. ಗಂಗರ ಹಲವು ತಾಮ್ರಶಾಸನಗಳ ಕೊನೆಯಲ್ಲಿ ಅದನ್ನು ಬರೆದ ವಿಶ್ವಕರ್ಮಾಚಾರ್ಯನ ಹೆಸರಿದೆ. ಆದರೆ ತಿದಿ ಎಷ್ಟು ಹೊತ್ತು ಒತ್ತಬೇಕು, ಅದಿರು ಯಾವ ಹಳ್ಳದ್ದು, ಇದ್ದಿಲಿಗೆ ಯಾವ ಮರ ಕಡಿದರು ಎಂದು ಯಾವ ಅರಸನೂ ಕಲ್ಲಲ್ಲಿ ಕೊರೆಸಬೇಕಾಗಿರಲಿಲ್ಲ.

ಕೆಲವೊಮ್ಮೆ ಆ ಮಾಹಿತಿ ಎಲ್ಲೋ ದೂರದಲ್ಲಿ ಸಿಗುತ್ತದೆ. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಟ್ಯುನೀಶಿಯಾದ ಯಹೂದಿ ವ್ಯಾಪಾರಿ ಮಂಗಳೂರಿನಲ್ಲಿ ನೆಲೆಸಿ ಹಿತ್ತಾಳೆ-ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸುತ್ತಿದ್ದ. ಏಡನ್ನಿನಿಂದ ತಾಮ್ರ, ತವರ, ಒಡೆದ ಹಳೆಯ ಪಾತ್ರೆ ಬರುತ್ತಿದ್ದವು. ಇಲ್ಲಿಂದ ಕಬ್ಬಿಣ ಅಲ್ಲಿಗೆ ಹೋಗುತ್ತಿತ್ತು. ಇದೆಲ್ಲ ನಮಗೆ ಗೊತ್ತಾದದ್ದು ಕೈರೋ ನಗರದ ಒಂದು ಹಳೆಯ ಯಹೂದಿ ಪ್ರಾರ್ಥನಾಮಂದಿರದಲ್ಲಿ ಉಳಿದ ಕಾಗದದ ಚೂರುಗಳಿಂದ. ಕರಾವಳಿಯ ಲೋಹ ವ್ಯಾಪಾರದ ಲೆಕ್ಕ ಈಜಿಪ್ಟಿನಲ್ಲಿ ಸಿಕ್ಕಿತು ನೋಡಿ. ನಮ್ಮ ತಾಮ್ರಶಾಸನಗಳ ತಾಮ್ರವೆಲ್ಲ ಚಿತ್ರದುರ್ಗದ ಇಂಗಳದಾಳಿನದೋ ಹಾಸನ ಜಿಲ್ಲೆಯ ಕಲ್ಯಾಡಿಯದೋ ಎಂದು ಊಹಿಸುವ ಮುಂಚೆ ಈ ಪತ್ರಗಳನ್ನು ನೆನೆಯಬೇಕು. ಸಂಪಾದಕರು ತಾಮ್ರಪಟದ ಉದ್ದ ಅಗಲ, ತೂಕ, ಬಳೆ, ಮುದ್ರೆ ಎಲ್ಲ ಕೊಡುತ್ತಾರೆ. ಲೋಹದಲ್ಲಿ ಏನೇನು ಬೆರೆತಿದೆ ಎನ್ನುವುದು ಅಪರೂಪಕ್ಕೂ ಕಾಣುವುದಿಲ್ಲ. ಅಕ್ಷರ ಓದಿ ಪಟವನ್ನು ಓದದೆ ಬಿಡುವ ಅಭ್ಯಾಸ ನಮ್ಮದು.

ಉಳಿಯ ಗುರುತು

ಆದರೂ ಕೊಳ್ಳೇಗಾಲ ಸೀಮೆಯ ಪ್ರತಿಯೊಂದು ಶಿಲಾಶಾಸನದಲ್ಲೂ ಒಬ್ಬ ಕಮ್ಮಾರ ಇದ್ದೇ ಇದ್ದಾನೆ. ಇದನ್ನು ಮಾತಿನ ಅಲಂಕಾರಕ್ಕೆ ಹೇಳುತ್ತಿಲ್ಲ. ಇಲ್ಲಿನ ಕಲ್ಲು ಗಟ್ಟಿ. ಅಂಥ ಕಲ್ಲಿನ ಮೇಲೆ ಅಕ್ಷರ ತೆಗೆಯಲು ಹದ ಹಾಕಿದ ತುದಿಯ ಚಾಣ ಬೇಕು. ತುದಿ ಬೇಗ ಮೊಂಡಾಗುತ್ತದೆ. ಮತ್ತೆ ಕಾಯಿಸಿ, ತಟ್ಟಿ, ನೀರಿಗೆ ಅದ್ದಿ ಹದ ಕೊಡಬೇಕು. ಕೈ ಉಳಿಯಿಂದ ಕಲ್ಲು ಹೊಡೆಯುವವರು ಇವತ್ತಿಗೂ ಪಕ್ಕದಲ್ಲೇ ಒಂದು ಸಣ್ಣ ಕುಲುಮೆ ಇಟ್ಟುಕೊಳ್ಳುವುದು ಇದಕ್ಕೇ. ಹತ್ತು ಸಾಲಿನ ವೀರಗಲ್ಲು ಅಂದರೆ ಹತ್ತಾರು ಸಲ ಹದ ಹಾಕಿದ ಉಳಿ.

ತಲಕಾಡು 11ನೇ ಶತಮಾನದ ಆರಂಭದಲ್ಲಿ ಚೋಳರ ಕೈಗೆ ಹೋಗಿ, 1116ರ ಹೊತ್ತಿಗೆ ವಿಷ್ಣುವರ್ಧನನ ಪಾಲಾಯಿತು. ಈ ನಡುವೆ ಈ ಕಡೆಯ ಕಲ್ಲುಗಳ ಭಾಷೆ ತಮಿಳಾಯಿತು, ಮತ್ತೆ ಕನ್ನಡವಾಯಿತು. ಆದರೆ ಕನ್ನಡದ ಕಲ್ಲಿಗೂ ತಮಿಳಿನ ಕಲ್ಲಿಗೂ ಉಳಿಯ ತುದಿ ಬೇಕಾಗಿತ್ತು. ನಾವು ಲಿಪಿಯ ಬದಲಾವಣೆ ಬಗ್ಗೆ ಪುಟಗಟ್ಟಲೆ ಬರೆಯುತ್ತೇವೆ. ಗೆರೆಯ ಅಗಲ, ಆಳ, ತಳದ ಆಕಾರ ಅಳೆದು ಎರಡು ಕಾಲದ ಉಳಿಗಳನ್ನು ಹೋಲಿಸುವ ಕೆಲಸ ನಮ್ಮಲ್ಲಿ ಯಾಕೆ ನಡೆಯಬಾರದು? ಅಚ್ಚು ತೆಗೆಯುವಾಗ ಒಂದು ಅಳತೆಪಟ್ಟಿ ಇಟ್ಟು ಅಡ್ಡಬೆಳಕಿನಲ್ಲಿ ಫೋಟೋ ಹೊಡೆದರೂ ಸಾಕು, ಮುಂದಿನವರಿಗೆ ಕೆಲಸಕ್ಕೆ ಬರುತ್ತದೆ.

ಗಣಿ ಇಂಜಿನಿಯರು ಕಂಡ ಶಾಸನ

ಶಾಸನದವರು ಒಂದು ಕಡೆ, ಗಣಿಯವರು ಇನ್ನೊಂದು ಕಡೆ ಅನ್ನುವ ವಿಭಜನೆ ಮೊದಲಿನಿಂದ ಇದ್ದದ್ದಲ್ಲ. ಮಸ್ಕಿಯ ಅಶೋಕನ ಶಾಸನವನ್ನು 1915ರಲ್ಲಿ ಕಂಡುಹಿಡಿದವನು ಸಿ. ಬೀಡನ್ ಎಂಬ ಚಿನ್ನದ ಗಣಿ ಇಂಜಿನಿಯರು. ‘ದೇವಾನಾಂಪ್ರಿಯ’ ಎಂದರೆ ಅಶೋಕನೇ ಎಂದು ಹೆಸರು ಹಿಡಿದು ಹೇಳಿದ ಮೊದಲ ಶಾಸನ ಅದು. ಚಿನ್ನಕ್ಕಾಗಿ ಬಂಡೆ ನೋಡುತ್ತಿದ್ದ ಕಣ್ಣಿಗೆ ಅಕ್ಷರ ಕಂಡಿತು. ಹಾಗಾದರೆ ಅಕ್ಷರಕ್ಕಾಗಿ ಬಂಡೆ ನೋಡುವ ಕಣ್ಣಿಗೆ ಕಿಟ್ಟ ಯಾಕೆ ಕಾಣಬಾರದು?

ಅದೇ ರಾಯಚೂರು ಸೀಮೆಯ ಹಟ್ಟಿಯಲ್ಲಿ ಹಳೆಯವರು ಸುಮಾರು 640 ಅಡಿ ಆಳದವರೆಗೆ ಚಿನ್ನ ತೋಡಿದ್ದರು. ಅದು ಸುಮಾರು 2000 ವರ್ಷ ಹಿಂದಿನದು ಎಂದು ಹೇಳಿದ್ದು ಗಣಿಯೊಳಗೆ ಉಳಿದ ಮರದ ತುಂಡಿನ ಇಂಗಾಲದ ಪರೀಕ್ಷೆ. ಎಫ್. ಆರ್. ಆಲ್ಚಿನ್ 1962ರ ತಮ್ಮ ಪ್ರಬಂಧದಲ್ಲಿ ಹಳೆಯ ಗಣಿಗುಂಡಿಗಳನ್ನೂ ಗ್ರಂಥಗಳ ಮಾತನ್ನೂ ಪಕ್ಕಪಕ್ಕ ಇಟ್ಟು ಓದಿದ್ದು ಇವತ್ತಿಗೂ ಮಾದರಿ. ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬಿಸಿಬಿಡುವ ಆತುರ ಅಲ್ಲಿಲ್ಲ.

ಕಾಮಗೆರೆ, ಹನೂರು ಕಡೆ ತಿರುಗುವ ಗೆಳೆಯರಿಗೆ ಕೊನೆಯದಾಗಿ ಕೆಲಸಕ್ಕೆ ಬರುವ ನಾಲ್ಕು ಮಾತು. ಕುಲುಮೆಯಿಂದ ಹರಿದ ಕಿಟ್ಟ ಭಾರವಾಗಿರುತ್ತದೆ, ಮೈಮೇಲೆ ಪಾಕ ಹರಿದು ಹೆಪ್ಪುಗಟ್ಟಿದ ಮಡಿಕೆಗಳಿರುತ್ತವೆ. ಕಮ್ಮಾರನ ಒಲೆಯ ತಳದ ಕಿಟ್ಟ ಬಟ್ಟಲಿನ ಹಾಗೆ ಒಂದು ಕಡೆ ಉಬ್ಬಿರುತ್ತದೆ. ಅದು ಸಿಕ್ಕರೆ ಅಲ್ಲಿ ಕಬ್ಬಿಣ ಬಡಿದರು ಎಂದರ್ಥ, ಅದಿರಿನಿಂದ ಕಬ್ಬಿಣ ತೆಗೆದರು ಎಂದಲ್ಲ. ಮೂಸೆಯ ಚೂರು ಹೊರಗೆ ಕಪ್ಪು ಗಾಜಿನಂತೆ ಹೊಳೆಯುತ್ತದೆ, ಮಣ್ಣಿನಲ್ಲಿ ಸುಟ್ಟ ಭತ್ತದ ಹೊಟ್ಟಿನ ಗುರುತು ಕಾಣಬಹುದು. ಉಕ್ಕಿನ ಮಾತು ಎತ್ತಬೇಕಾದರೆ ಈ ಚೂರು ಬೇಕು. ಅಯಸ್ಕಾಂತಕ್ಕೆ ಅಂಟಿತು ಎನ್ನುವುದೊಂದೇ ಸಾಕಾಗದು. ಬಿಳಿಗಿರಿರಂಗನ ಬೆಟ್ಟದ ಚಾರ್ನೊಕೈಟ್ ಕಲ್ಲಿನಲ್ಲೇ ಅಯಸ್ಕಾಂತ ಹಿಡಿಯುವ ಮ್ಯಾಗ್ನಟೈಟ್ ಇರುತ್ತದೆ, ಹಳ್ಳದ ಕಪ್ಪು ಮರಳಲ್ಲೂ ಇರುತ್ತದೆ. ಸಿಕ್ಕಿದ್ದನ್ನು ಚೀಲಕ್ಕೆ ಹಾಕಿಕೊಂಡು ಬರಬೇಡಿ; ಇದ್ದಲ್ಲೇ ಫೋಟೋ, ಜಾಗದ ಗುರುತು, ಅಳತೆ. ಹಾಗೇ ಪರಿಷ್ಕೃತ 4ನೇ ಸಂಪುಟ ತೆರೆದಾಗ ಅರಸನ ಹೆಸರನ್ನು ದಾಟಿ, ಎಲ್ಲೆಯ ವಿವರವನ್ನೂ ತೆರಿಗೆಯ ಪಟ್ಟಿಯನ್ನೂ ನಿಧಾನವಾಗಿ ಓದಿ.

ಶಾಸನದ ಕಲ್ಲಿಗೆ ಈಗ ಕಾವಲಿಗೆ ನಾವಿದ್ದೇವೆ. ಯಾರಾದರೂ ಉರುಳಿಸಿದರೆ ಗಲಾಟೆ ಮಾಡುತ್ತೇವೆ, ಪತ್ರಿಕೆಗೆ ಬರುತ್ತದೆ. ಕಿಟ್ಟದ ಗುಡ್ಡೆಗೆ ಯಾರೂ ಇಲ್ಲ. ಹೊಲ ಸಮ ಮಾಡುವಾಗ, ಕೆರೆ ಹೂಳು ತೆಗೆಯುವಾಗ, ರಸ್ತೆಗೆ ಗ್ರಾವೆಲ್ ಹಾಕುವಾಗ ಜೆಸಿಬಿ ಒಂದೇ ಬೆಳಿಗ್ಗೆ ಅದನ್ನು ಮುಗಿಸಿಬಿಡುತ್ತದೆ. ಗಡಿಯಿಂದಾಗಿ ಈ ಸೀಮೆ ಒಮ್ಮೆ ಪುಸ್ತಕದಿಂದ ಹೊರಗುಳಿಯಿತು. ಅದನ್ನು 77 ವರ್ಷದ ಮೇಲಾದರೂ ಸರಿಪಡಿಸಲು ಆಯಿತು, ಯಾಕೆಂದರೆ ಕಲ್ಲು ಅಲ್ಲೇ ಇತ್ತು. ಕಿಟ್ಟ ಹೋದರೆ ಯಾವ ಪರಿಷ್ಕೃತ ಸಂಪುಟವೂ ಅದನ್ನು ಮರಳಿ ತರಲಾರದು.